ಎರಡನೇ ಕರಗುವ ಬಿಂದು

ಹಳೆಯ ದಪ್ಪ ಐದು ರೂಪಾಯಿ ನಾಣ್ಯವನ್ನು ನೀವು ಮರೆತಿರಲಾರಿರಿ. 1992ರಿಂದ ಹೆಚ್ಚುಕಡಿಮೆ ಹದಿನೈದು ವರ್ಷ ಟಂಕಸಾಲೆಯಿಂದ ಬರುತ್ತಲೇ ಇದ್ದ, ಅಂಚಿನ ಸುತ್ತ ಗೆರೆ ಕೊರೆದ, ಗಾತ್ರಕ್ಕೆ ಮೀರಿ ತೂಗುತ್ತಿದ್ದ ಬಿಲ್ಲೆ ಅದು. ತೂಕ 9 ಗ್ರಾಂ. ಮುಕ್ಕಾಲು ಪಾಲು ತಾಮ್ರ, ಕಾಲು ಪಾಲು ನಿಕ್ಕಲ್. ಅದನ್ನೊಮ್ಮೆ ಗುಜರಿ ಅಂಗಡಿಯವನ ಕಣ್ಣಿನಿಂದ ನೋಡೋಣ. ಅವನಿಗೆ ನಾಣ್ಯದ ಮೇಲಿನ ಸಿಂಹ ಕಾಣುವುದಿಲ್ಲ, ತಕ್ಕಡಿಯ ಮುಳ್ಳು ಕಾಣುತ್ತದೆ. ಒಂದು ಕಿಲೋಗೆ 111 ನಾಣ್ಯ ಬೇಕು. ಕಿರಾಣಿ ಅಂಗಡಿಯಲ್ಲಿ ಅಷ್ಟಕ್ಕೆ 555 ರೂಪಾಯಿಯ ಸಾಮಾನು ಬರುತ್ತದೆ. ಈಗ ತಾಮ್ರ ಟನ್ನಿಗೆ 10,000 ಡಾಲರ್, ನಿಕ್ಕಲ್ 15,000 ಡಾಲರ್, ಡಾಲರಿಗೆ 88 ರೂಪಾಯಿ ಎಂದಿಟ್ಟುಕೊಳ್ಳಿ. ಈಚಿನ ವರ್ಷಗಳ ಮಟ್ಟಿಗೆ ಇದು ಉತ್ಪ್ರೇಕ್ಷೆಯ ಲೆಕ್ಕವೇನಲ್ಲ. ಆ ಒಂದು ಕಿಲೋದಲ್ಲಿರುವ 750 ಗ್ರಾಂ ತಾಮ್ರಕ್ಕೆ 660 ರೂಪಾಯಿ, 250 ಗ್ರಾಂ ನಿಕ್ಕಲ್‌ಗೆ 330 ರೂಪಾಯಿ. ಒಟ್ಟು 990. ಐದು ರೂಪಾಯಿ ಎಂದು ಬರೆದುಕೊಂಡಿರುವ ನಾಣ್ಯದೊಳಗೆ ಸುಮಾರು 8 ರೂಪಾಯಿ 90 ಪೈಸೆಯ ಲೋಹ ಕೂತಿದೆ.

ಮೈಮೇಲೆ ಬರೆದ ಬೆಲೆಗಿಂತ ಮೈಯ ಬೆಲೆಯೇ ಹೆಚ್ಚಾಗುವ ಈ ವಿಚಿತ್ರ ಒಂದು ದೇಶದ್ದಲ್ಲ, ಒಂದು ಕಾಲದ್ದೂ ಅಲ್ಲ. ಯಾವ ಲೋಹದ ನಾಣ್ಯವನ್ನಾದರೂ ತೆಗೆದುಕೊಳ್ಳಿ, ಅದಕ್ಕೆ ಎರಡು ಕರಗುವ ಬಿಂದುಗಳಿರುತ್ತವೆ. ಮೊದಲನೆಯದು ಭೌತವಿಜ್ಞಾನದ್ದು. ತಾಮ್ರ-ನಿಕ್ಕಲ್ ಮಿಶ್ರಲೋಹಕ್ಕೆ 1,200 ಡಿಗ್ರಿ ಸೆಲ್ಸಿಯಸ್ ಆಸುಪಾಸು. ಎರಡನೆಯದು ಪೇಟೆಯದು: ನಮ್ಮ ದಪ್ಪ ನಾಣ್ಯಕ್ಕೆ ಕಿಲೋಗೆ 555 ರೂಪಾಯಿ. ಪೇಟೆಯ ಕಾವು ಅದಕ್ಕಿಂತ ಕೆಳಗಿರುವವರೆಗೆ ನಾಣ್ಯ ಜೇಬಿನಿಂದ ಜೇಬಿಗೆ ತಣ್ಣಗೆ ಓಡಾಡಿಕೊಂಡಿರುತ್ತದೆ. ಕಾವು ಅದನ್ನು ದಾಟಿತೋ, ಕುಲುಮೆಗೆ ಬೆಂಕಿ ಹಾಕುವ ಮೊದಲೇ ನಾಣ್ಯ ಮಾಯವಾಗಲು ತೊಡಗುತ್ತದೆ. ಬೆಳ್ಳಿಯ ಕಾಲದ ಅರ್ಥಶಾಸ್ತ್ರಜ್ಞರೂ ಇದನ್ನು ರೂಪಾಯಿಯ ಕರಗುವ ಬಿಂದು ಎಂದೇ ಮಾತಾಡುತ್ತಿದ್ದರು.

ಹಾಗಾದರೆ ಈ ಎರಡನೇ ಬಿಂದುವನ್ನು ಆಕಾಶಕ್ಕೇರಿಸಿಬಿಟ್ಟರಾಯಿತಲ್ಲ, ತೀರಾ ಅಗ್ಗದ ಲೋಹದಲ್ಲಿ ದೊಡ್ಡ ಬೆಲೆಯ ನಾಣ್ಯ ಹೊಡೆದರಾಯಿತಲ್ಲ? 1330ರ ಸುಮಾರಿಗೆ ಮುಹಮ್ಮದ್ ಬಿನ್ ತುಘಲಕ್ ಮಾಡಿದ್ದು ಅದನ್ನೇ. ಬೆಳ್ಳಿ ಟಂಕದ ಬೆಲೆಯನ್ನು ಹಿತ್ತಾಳೆ, ತಾಮ್ರದ ಬಿಲ್ಲೆಗಳಿಗೆ ಕೊಟ್ಟ. ಮುಂದೇನಾಯಿತು ಎಂಬುದನ್ನು ಗಿರೀಶ ಕಾರ್ನಾಡರ ನಾಟಕ ನೋಡಿದ ಕನ್ನಡಿಗರಿಗೆ ಹೇಳಬೇಕಿಲ್ಲ. ಖೋಟಾ ನಾಣ್ಯ ರಾಶಿರಾಶಿಯಾಗಿ ಬಂತು, ಕೆಲವೇ ವರ್ಷಗಳಲ್ಲಿ ಸುಲ್ತಾನ ಅವನ್ನೆಲ್ಲ ಬೊಕ್ಕಸಕ್ಕೆ ವಾಪಸ್ ತೆಗೆದುಕೊಂಡು ಬದಲಿಗೆ ಬೆಳ್ಳಿ, ಬಂಗಾರ ಕೊಡಬೇಕಾಯಿತು. ಲೋಹ ತೀರಾ ಅಗ್ಗವಾದರೆ ಕಳ್ಳ ಟಂಕಸಾಲೆ, ತುಟ್ಟಿಯಾದರೆ ಕುಲುಮೆ. ಟಂಕಸಾಲೆಯ ಲೋಹತಜ್ಞ ಈ ಎರಡರ ನಡುವಿನ ಇಕ್ಕಟ್ಟಿನಲ್ಲಿ ಕೆಲಸ ಮಾಡಬೇಕು. ಅದೂ ಮುಂದಿನ ಮೂವತ್ತು ವರ್ಷ ಲೋಹಗಳ ಬೆಲೆ ಹೇಗಿರುತ್ತದೆಂದು ತಿಳಿಯದೆ.

ಎರಡನೇ ಬಿಂದುವಿನ ಆಟವನ್ನು ಅತಿ ದೊಡ್ಡ ಪ್ರಮಾಣದಲ್ಲಿ ನೋಡಬೇಕೆಂದರೆ ನಮ್ಮದೇ ಬೆಳ್ಳಿ ರೂಪಾಯಿಯ ಕಥೆಗೆ ಬರಬೇಕು. 1835ರಲ್ಲಿ ಈಸ್ಟ್ ಇಂಡಿಯಾ ಕಂಪನಿ ತನ್ನ ಆಳ್ವಿಕೆಯ ಪ್ರದೇಶಕ್ಕೆಲ್ಲ ಒಂದೇ ಬಗೆಯ ರೂಪಾಯಿ ತಂದಿತು. ತೂಕ 180 ಗ್ರೇನ್, ಅಂದರೆ 11.66 ಗ್ರಾಂ. ಹನ್ನೆರಡರಲ್ಲಿ ಹನ್ನೊಂದು ಪಾಲು ಬೆಳ್ಳಿ, ಉಳಿದದ್ದು ಗಟ್ಟಿತನಕ್ಕಾಗಿ ಬೆರೆಸಿದ ತಾಮ್ರ. ಒಂದು ರೂಪಾಯಿಯ ತೂಕವೇ ಒಂದು ತೊಲ. ಹಳೇ ಮೈಸೂರಿನಲ್ಲಿ ಕಚ್ಚಾ ಸೇರು ಎಂದರೆ 24 ರೂಪಾಯಿ ತೂಕ. ಅಕ್ಕಸಾಲಿಗನಿಗೆ ಬೇರೆ ತೂಕದ ಕಲ್ಲು ಬೇಕಿರಲಿಲ್ಲ, ಲೋಹದ ಶುದ್ಧತೆಯನ್ನು ಒರೆಹಚ್ಚಿ ನೋಡುವ ಕೆಲಸವೂ ಇರಲಿಲ್ಲ. ಸರ್ಕಾರವೇ ತೂಗಿ, ಪರೀಕ್ಷಿಸಿ, ರಾಣಿಯ ಮುಖದ ಮುದ್ರೆ ಒತ್ತಿ ಕಳಿಸುತ್ತಿತ್ತು. ಕಾಲುಗೆಜ್ಜೆಗೋ ಡಾಬಿಗೋ ಎಷ್ಟು ಬೆಳ್ಳಿ ಬೇಕೆಂದರೆ ಅಷ್ಟು ರೂಪಾಯಿ ಎಣಿಸಿ ಕೊಟ್ಟರಾಯಿತು. ಎಂಟುನೂರು ಡಿಗ್ರಿಯ ಸುಮಾರಿಗೆ ಮೆತ್ತಗಾಗಲು ತೊಡಗಿ ಒಂಬೈನೂರರ ಹೊತ್ತಿಗೆ ನೀರಾಗುವ ಆ ಮಿಶ್ರಲೋಹವನ್ನು ಕರಗಿಸಲು ಇದ್ದಿಲ ಒಲೆ, ಊದುಕೊಳವೆಗಳೇ ಸಾಕು. ಆ ಕಾಲದಲ್ಲಿ ಅದರಲ್ಲಿ ಯಾರಿಗೂ ತಪ್ಪು ಕಂಡಿರಲಿಲ್ಲ. 1893ರವರೆಗೆ ಬೆಳ್ಳಿ ತಂದವರಿಗೆ ಟಂಕಸಾಲೆ ರೂಪಾಯಿ ಹೊಡೆದು ಕೊಡುತ್ತಿತ್ತು; ರೂಪಾಯಿಯನ್ನು ಅಕ್ಕಸಾಲಿಗ ಮತ್ತೆ ಬೆಳ್ಳಿ ಮಾಡುತ್ತಿದ್ದ. ಬಾಗಿಲು ಎರಡೂ ಕಡೆಗೆ ತೆರೆದಿತ್ತು.

1893ರಲ್ಲಿ ಸರ್ಕಾರ ಒಂದು ಕಡೆಯ ಬಾಗಿಲು ಮುಚ್ಚಿತು. ಜಗತ್ತಿನಲ್ಲಿ ಬೆಳ್ಳಿ ಅಗ್ಗವಾಗುತ್ತಲೇ ಇತ್ತು. ಜನರ ಬೆಳ್ಳಿಗೆ ಮುದ್ರೆ ಒತ್ತುವುದನ್ನು ನಿಲ್ಲಿಸಿ, ಮುಂದೆ ರೂಪಾಯಿಗೆ 16 ಬ್ರಿಟಿಷ್ ಪೆನ್ಸ್ ಎಂಬ ದರವನ್ನು ಹಿಡಿದು ನಿಲ್ಲಿಸಲಾಯಿತು. ಮೊದಲ ಮಹಾಯುದ್ಧದ ಹೊತ್ತಿಗೆ ರೂಪಾಯಿಯೊಳಗಿನ ಬೆಳ್ಳಿಗೆ ಒಂಬತ್ತು-ಹತ್ತು ಪೆನ್ಸ್ ಬಂದರೆ ಹೆಚ್ಚು. ಮುಖಬೆಲೆ 16, ಮೈಬೆಲೆ 10. ಯಾರೂ ಲಾಭಕ್ಕಾಗಿ ಕರಗಿಸುವ ಮಾತೇ ಇಲ್ಲ. ಎರಡನೇ ಕರಗುವ ಬಿಂದು ಎಲ್ಲಿತ್ತು ಎಂಬುದನ್ನು ನಾವೇ ಲೆಕ್ಕ ಹಾಕಬಹುದು. ಲಂಡನ್ ಪೇಟೆ ಬೆಳ್ಳಿಯ ಬೆಲೆ ಹೇಳುತ್ತಿದ್ದದ್ದು 444 ಗ್ರೇನ್ ಶುದ್ಧ ಬೆಳ್ಳಿಯಿರುವ ಔನ್ಸಿಗೆ. ರೂಪಾಯಿಯಲ್ಲಿದ್ದದ್ದು 165 ಗ್ರೇನ್. 16 ಪೆನ್ಸನ್ನು 165ರಿಂದ ಭಾಗಿಸಿ 444ರಿಂದ ಗುಣಿಸಿದರೆ 43. ಔನ್ಸಿಗೆ 43 ಪೆನ್ಸ್. ಅಷ್ಟೊಂದು ಎತ್ತರದ ಬೆಲೆ ಬಂದೀತೆಂದು 1914ರಲ್ಲಿ ಯಾರು ನಂಬುತ್ತಿದ್ದರು?

ಯುದ್ಧ ಬಂತು. ಭಾರತದ ಸೆಣಬು, ಗೋಧಿ, ಚರ್ಮ, ಬಟ್ಟೆಗಳಿಗೆ ಮಿತ್ರರಾಷ್ಟ್ರಗಳಿಂದ ಎಲ್ಲಿಲ್ಲದ ಬೇಡಿಕೆ. ಬೆಲೆಯನ್ನು ಬಂಗಾರದಲ್ಲಿ ತೀರಿಸುವಂತಿರಲಿಲ್ಲ, ಹಡಗುಗಳಲ್ಲಿ ಬದಲಿ ಸಾಮಾನು ಬರುವಂತೆಯೂ ಇರಲಿಲ್ಲ. ರೈತನ ಕೈಗೆ ರೂಪಾಯಿಯನ್ನೇ ಹಾಕಬೇಕು. ಅತ್ತ ಬೆಳ್ಳಿಯ ದೊಡ್ಡ ಗಣಿಗಳಿದ್ದ ಮೆಕ್ಸಿಕೋ ಕ್ರಾಂತಿಯಲ್ಲಿ ಮುಳುಗಿತ್ತು. 1917ರ ಆಗಸ್ಟಿನಲ್ಲಿ ಬೆಳ್ಳಿ 43 ಪೆನ್ಸ್ ಗೆರೆಯನ್ನು ದಾಟಿತು, ಮುಂದಿನ ತಿಂಗಳು 55ಕ್ಕೆ ಜಿಗಿಯಿತು. ಆಗ ಸರ್ಕಾರ ಮಾಡಿದ ಕೆಲಸಗಳನ್ನು ನೋಡಿದರೆ ಇಂದಿನ ಯಾವ ದೇಶವೂ ಹೊಸದೇನನ್ನೂ ಕಂಡುಹಿಡಿದಿಲ್ಲ ಎನ್ನಿಸುತ್ತದೆ. ನಾಣ್ಯವನ್ನು ಚಲಾವಣೆಗಲ್ಲದೆ ಬೇರೆ ಉಪಯೋಗಕ್ಕೆ ಬಳಸಬಾರದೆಂದು ಕಾನೂನು ಬಂತು. ಶತಮಾನಗಳಿಂದ ಅಕ್ಕಸಾಲಿಗ ಮಾಡುತ್ತಿದ್ದ ಕೆಲಸ ಒಂದೇ ದಿನದಲ್ಲಿ ಅಪರಾಧವಾಯಿತು. 1917ರ ನವೆಂಬರಿನಲ್ಲಿ ಒಂದು ರೂಪಾಯಿ ನೋಟು, ಮರುವರ್ಷದ ಆರಂಭದಲ್ಲಿ ಎರಡೂವರೆ ರೂಪಾಯಿ ನೋಟು ಬಂದವು. ಎರಡಾಣೆಯನ್ನು ಬೆಳ್ಳಿಯಿಂದ ತಾಮ್ರ-ನಿಕ್ಕಲ್‌ಗೆ ಇಳಿಸಿದರು, 1919ರಲ್ಲಿ ನಾಲ್ಕಾಣೆ, ಎಂಟಾಣೆಗಳನ್ನೂ.

ಇವೆಲ್ಲಕ್ಕಿಂತ ಜಾಣತನದ್ದು ಇನ್ನೊಂದು ಉಪಾಯ. ಪೇಟೆಯ ಕಾವನ್ನು ಇಳಿಸಲಾಗದಿದ್ದರೆ ಕರಗುವ ಬಿಂದುವನ್ನೇ ಮೇಲೆತ್ತಬಹುದಲ್ಲ? ರೂಪಾಯಿಯ ವಿನಿಮಯ ದರವನ್ನು 16 ಪೆನ್ಸ್‌ನಿಂದ 17ಕ್ಕೆ, 18ಕ್ಕೆ, 20ಕ್ಕೆ ಏರಿಸುತ್ತ 1919ರ ಡಿಸೆಂಬರ್ ಹೊತ್ತಿಗೆ 28ಕ್ಕೆ ತಂದು ನಿಲ್ಲಿಸಿದರು. ಮೇಲಿನ ಲೆಕ್ಕಕ್ಕೆ 28 ಹಾಕಿ ನೋಡಿ, ಕರಗುವ ಬಿಂದು ಔನ್ಸಿಗೆ 75 ಪೆನ್ಸ್ ಆಗುತ್ತದೆ. ಒಂದು ಗ್ರೇನ್ ಲೋಹವನ್ನೂ ಬದಲಿಸದೆ ನಾಣ್ಯಕ್ಕೆ ಬೆಂಕಿ ತಾಗದಂತೆ ಮಾಡುವ ವಿಧಾನ ಇದು. ಆದರೆ 1920ರ ಫೆಬ್ರವರಿಯಲ್ಲಿ ಬೆಳ್ಳಿ 89 ಪೆನ್ಸ್ ದಾಟಿ ಆ ಗೋಡೆಯನ್ನೂ ಹಾರಿತು. ಹಾರಿದ್ದು ಅಷ್ಟೇ ವೇಗದಲ್ಲಿ ಬಿತ್ತು ಕೂಡ; ವರ್ಷ ಮುಗಿಯುವಾಗ ಬೆಲೆ ಅದರ ಅರ್ಧಕ್ಕೂ ಕೆಳಗಿತ್ತು.

ಈ ನಡುವೆ ಇನ್ನೊಂದು ನಡೆಯಿತು. 1918ರ ಬೇಸಿಗೆಯಲ್ಲಿ ನೋಟು ಕೊಟ್ಟು ಬೆಳ್ಳಿ ಕೇಳುವವರ ಸಾಲು ಬೆಳೆದು ಸರ್ಕಾರದ ಬೊಕ್ಕಸದಲ್ಲಿ ರೂಪಾಯಿಗಳು ತಳ ಕಂಡಾಗ, ಅಮೆರಿಕದ ಸಂಸತ್ತು ನೆವಾಡಾದ ಸೆನೆಟರ್ ಕೀ ಪಿಟ್‌ಮನ್ ತಂದ ಕಾಯ್ದೆಯನ್ನು ಅಂಗೀಕರಿಸಿತು. ಅಮೆರಿಕದ ಖಜಾನೆಯಲ್ಲಿ ಸುಮ್ಮನೆ ಬಿದ್ದಿದ್ದ ಬೆಳ್ಳಿ ಡಾಲರುಗಳನ್ನು ಕರಗಿಸಿ ಮಾರುವುದಕ್ಕೆ ಅನುಮತಿ. ಸುಮಾರು 27 ಕೋಟಿ ಡಾಲರ್ ನಾಣ್ಯಗಳು ಕುಲುಮೆಗೆ ಹೋದವು. ಭಾರತಕ್ಕೆಂದು ಬ್ರಿಟನ್ ಕೊಂಡದ್ದು 20 ಕೋಟಿ ಔನ್ಸ್. ಒಂದು ದೇಶದ ನಾಣ್ಯ ಕರಗಿಹೋಗುತ್ತಿದೆ, ಬಚ್ಚಿಟ್ಟು ಕಾಣೆಯಾಗುತ್ತಿದೆ ಎಂದು ಇನ್ನೊಂದು ದೇಶದ ನಾಣ್ಯವನ್ನು ಕಾನೂನುಬದ್ಧವಾಗಿ ಕರಗಿಸಿದ್ದು! ನಮ್ಮ ಅಜ್ಜಿಯರ ಕಾಲದ ಯಾವುದಾದರೂ ಜಾರ್ಜ್ ದೊರೆಯ ರೂಪಾಯಿಯಲ್ಲಿ ಅಮೆರಿಕದ ಲಿಬರ್ಟಿ ದೇವಿಯ ಮುಖ ಕರಗಿ ಸೇರಿದ್ದರೂ ಸೇರಿರಬಹುದು.

ಲೋಹವಿಜ್ಞಾನಿಗಳ ಕೆಲಸ ಶುರುವಾಗುವುದು ಇಲ್ಲಿಂದ. ಬ್ರಿಟನ್ನಿನ ಬೆಳ್ಳಿ ನಾಣ್ಯಗಳ ಗೆರೆ ಔನ್ಸಿಗೆ 66 ಪೆನ್ಸ್, ಅದೂ ಮುರಿದಿತ್ತು. 1920ರಲ್ಲೇ ಅವರು ನಾಣ್ಯದ ಬೆಳ್ಳಿಯನ್ನು ಶೇಕಡಾ 92.5ರಿಂದ ನೇರವಾಗಿ 50ಕ್ಕೆ ಇಳಿಸಿದರು. ಅರ್ಧಕ್ಕರ್ಧ ತಾಮ್ರ ಬೆರೆತ ಬೆಳ್ಳಿ ಬೆಳ್ಳಗಿರುವುದಿಲ್ಲ, ಹಳದಿ ಹೊಡೆಯುತ್ತದೆ. ಅದಕ್ಕೊಂದು ಹಳೆಯ ಕೈಚಳಕ ಇತ್ತು. ಬಿಲ್ಲೆಗಳನ್ನು ಗಾಳಿಯಲ್ಲಿ ಕಾಯಿಸಿದರೆ ಮೇಲ್ಮೈಯ ತಾಮ್ರ ಆಕ್ಸೈಡ್ ಆಗಿ ಕಪ್ಪಾಗುತ್ತದೆ, ಬೆಳ್ಳಿ ಹಾಗೇ ಇರುತ್ತದೆ. ಆಮೇಲೆ ಆಮ್ಲದಲ್ಲಿ ಅದ್ದಿದರೆ ಆಕ್ಸೈಡ್ ಕರಗಿ ಹೋಗಿ ಹೊರಗೆ ಹೆಚ್ಚುಕಡಿಮೆ ಶುದ್ಧ ಬೆಳ್ಳಿಯ ತೆಳು ಪದರ ಉಳಿಯುತ್ತದೆ. ಹೊಸತರಲ್ಲಿ ನಾಣ್ಯ ಫಳಫಳ. ಕೈಯಿಂದ ಕೈಗೆ ತಿರುಗಿ ಪದರ ಸವೆದ ಮೇಲೆ ಮಹಾರಾಜರ ಮೂಗು, ಕೆನ್ನೆಯೇ ಮೊದಲು ಹಳದಿಯಾಗುತ್ತಿದ್ದವು, ಎತ್ತರದ ಭಾಗ ತಾನೆ! ಭಾರತದ ರೂಪಾಯಿಗೆ ಈ ಗತಿ ಬಂದದ್ದು ಎರಡನೇ ಮಹಾಯುದ್ಧದಲ್ಲಿ. ಫ್ರಾನ್ಸ್ ಸೋತ ಸುದ್ದಿಗೆ ಜನ ಬೆದರಿ ರೂಪಾಯಿ ಬಚ್ಚಿಡತೊಡಗಿದಾಗ, 1940ರಲ್ಲಿ ಒಂದು ರೂಪಾಯಿ ನೋಟು ಮತ್ತೆ ಬಂತು, ನಾಣ್ಯದಲ್ಲಿ ಬೆಳ್ಳಿ ಅರ್ಧಕ್ಕಿಳಿಯಿತು: 50 ಪಾಲು ಬೆಳ್ಳಿ, 40 ತಾಮ್ರ, ತಲಾ 5 ನಿಕ್ಕಲ್ ಮತ್ತು ಸತು. ಕಾಸುಗಳಿಗೂ ಬಿಸಿ ತಟ್ಟಿತು. 1943ರಿಂದ ಬಂದ ಕಂಚಿನ ಕಾಸಿನ ನಡುವೆ ದೊಡ್ಡ ತೂತು. ಅಷ್ಟು ಲೋಹ ಉಳಿತಾಯ.

ಅರ್ಧ ಬೆಳ್ಳಿಯೂ ಬಹಳ ದಿನ ಉಳಿಯಲಿಲ್ಲ. ಯುದ್ಧಕಾಲದಲ್ಲಿ ಅಮೆರಿಕದಿಂದ ಸುಮಾರು 22.6 ಕೋಟಿ ಔನ್ಸ್ ಬೆಳ್ಳಿ ಸಾಲವಾಗಿ ಬಂದಿತ್ತು, ಶಾಂತಿ ನೆಲೆಸಿದ ಮೇಲೆ ಬೆಳ್ಳಿಯಾಗಿಯೇ ತೀರಿಸುವ ಷರತ್ತಿನ ಮೇಲೆ. ಸಾಲ ತೀರಿಸಲು ಬೆಳ್ಳಿ ಎಲ್ಲಿಂದ? ಜನರ ಜೇಬಿನಿಂದ. 1947ರಲ್ಲಿ ಶುದ್ಧ ನಿಕ್ಕಲ್ಲಿನ ರೂಪಾಯಿ ಬಂದದ್ದರ ಹಿಂದಿನ ಕಾರಣ ಇದು. ಮನೆಯಲ್ಲಿ ಆ ಕಾಲದ ಹುಲಿ ಚಿತ್ರದ ರೂಪಾಯಿ ಇದ್ದರೆ ಅಯಸ್ಕಾಂತ ಹಿಡಿದು ನೋಡಿ, ಟಪ್ಪನೆ ಅಂಟಿಕೊಳ್ಳುತ್ತದೆ. ಕೋಣೆಯ ಉಷ್ಣಾಂಶದಲ್ಲಿ ಕಬ್ಬಿಣದಂತೆ ಅಯಸ್ಕಾಂತಕ್ಕೆ ಒಲಿಯುವ ಬೆರಳೆಣಿಕೆಯ ಲೋಹಗಳಲ್ಲಿ ನಿಕ್ಕಲ್ ಒಂದು. ಅದೇ ನಿಕ್ಕಲ್‌ಗೆ ಮುಕ್ಕಾಲು ಪಾಲು ತಾಮ್ರ ಬೆರೆಸಿದರೆ ಆ ಗುಣ ಪೂರ್ತಿ ಹೋಗಿಬಿಡುತ್ತದೆ. ದಪ್ಪ ಐದು ರೂಪಾಯಿ ಅಯಸ್ಕಾಂತದತ್ತ ತಿರುಗಿಯೂ ನೋಡುವುದಿಲ್ಲ. ಬಣ್ಣ ಎರಡಕ್ಕೂ ಒಂದೇ. ನಿಕ್ಕಲ್ಲಿಗೆ ತಾಮ್ರದ ಕೆಂಪನ್ನು ನುಂಗುವ ಶಕ್ತಿ ಅಷ್ಟಿದೆ.

ಅಮೆರಿಕದ ಬೆಳ್ಳಿ ಪುರಾಣ ನಮ್ಮದಕ್ಕಿಂತ ತಡವಾಗಿ ನಡೆಯಿತು, ಬೇಗ ಮುಗಿಯಿತು. 1965ರಲ್ಲಿ ಡೈಮ್ ಮತ್ತು ಕ್ವಾರ್ಟರ್ ನಾಣ್ಯಗಳಿಂದ ಬೆಳ್ಳಿಯನ್ನು ತೆಗೆದುಹಾಕುವಾಗ ಅಧ್ಯಕ್ಷ ಲಿಂಡನ್ ಜಾನ್ಸನ್, ಹಳೆಯ ಬೆಳ್ಳಿ ನಾಣ್ಯ ಬಚ್ಚಿಟ್ಟರೆ ಲಾಭವಿಲ್ಲ, ಬೆಳ್ಳಿಯ ಬೆಲೆ ಏರದಂತೆ ಖಜಾನೆ ನೋಡಿಕೊಳ್ಳುತ್ತದೆ ಎಂದು ಜನರಿಗೆ ಹೇಳಿದರು. ಜನ ಕೇಳಿಸಿಕೊಂಡು ಮನೆಗೆ ಹೋಗಿ ಡಬ್ಬಿ ತುಂಬಿಸಿಟ್ಟರು. ದಶಕ ಮುಗಿಯುವಷ್ಟರಲ್ಲಿ ಶೇಕಡಾ 90 ಬೆಳ್ಳಿಯ ನಾಣ್ಯ ಚಿಲ್ಲರೆಯಲ್ಲಿ ಸಿಗುವುದೇ ಅಪರೂಪವಾಯಿತು. ಒಂದೇ ಮುಖಬೆಲೆಯ ಎರಡು ನಾಣ್ಯಗಳಿದ್ದರೆ ಕೀಳು ನಾಣ್ಯವನ್ನು ಜನ ಖರ್ಚು ಮಾಡುತ್ತಾರೆ, ಮೇಲಾದದ್ದನ್ನು ಇಟ್ಟುಕೊಳ್ಳುತ್ತಾರೆ. ಹದಿನಾರನೇ ಶತಮಾನದ ಇಂಗ್ಲೆಂಡಿನ ಥಾಮಸ್ ಗ್ರೆಶಮ್ ಹೆಸರಿನಲ್ಲಿ ಓಡುವ ಈ ನಿಯಮವನ್ನು ಖಗೋಳವಿಜ್ಞಾನಿ ಕೊಪರ್ನಿಕಸ್ ಕೂಡ ನಾಣ್ಯದ ಕುರಿತ ತನ್ನ ಬರಹದಲ್ಲಿ ಹೇಳಿದ್ದ. ಸಂತೆಯಲ್ಲಿ ಹರಿದ ನೋಟನ್ನೇ ಮೊದಲು ದಾಟಿಸುವ ನಮಗೆ ಇಬ್ಬರೂ ಬೇಕಾಗಿಲ್ಲ.

1965ರ ಹೊಸ ನಾಣ್ಯದ ವಿನ್ಯಾಸದಲ್ಲಿ ಒಂದು ಸೊಗಸಾದ ತೊಡಕಿತ್ತು. ಸೋಡಾ, ಸಿಗರೇಟು ಮಾರುವ ಯಂತ್ರಗಳು ನಾಣ್ಯವನ್ನು ತೂಕ, ಗಾತ್ರಗಳಿಂದ ಮಾತ್ರವಲ್ಲ, ವಿದ್ಯುತ್ ವಾಹಕತೆಯಿಂದಲೂ ಗುರುತಿಸುತ್ತಿದ್ದವು. ಅಯಸ್ಕಾಂತದ ಮುಂದೆ ಜಾರಿಹೋಗುವಾಗ ಒಳ್ಳೆಯ ವಾಹಕದಲ್ಲಿ ಸುಳಿ ವಿದ್ಯುತ್ ಹುಟ್ಟಿ ಅದರ ವೇಗ ತಗ್ಗುತ್ತದೆ. ಬೆಳ್ಳಿ ಎಷ್ಟು ತಡವರಿಸುತ್ತದೋ ಹೊಸ ನಾಣ್ಯವೂ ಅಷ್ಟೇ ತಡವರಿಸಬೇಕು. ತಾಮ್ರ-ನಿಕ್ಕಲ್ ಒಂದೇ ಇದ್ದರೆ ವಾಹಕತೆ ಬಹಳ ಕಡಿಮೆ. ಆದ್ದರಿಂದ ಒಳಗೆ ಶುದ್ಧ ತಾಮ್ರ, ಎರಡೂ ಬದಿಗೆ ತಾಮ್ರ-ನಿಕ್ಕಲ್ ಹೊದಿಕೆ. ಹಳೆ ನಾಣ್ಯ ಯಾವುದು ಹೊಸದು ಯಾವುದು ಎಂದು ಮನುಷ್ಯರಿಗೆ ಅಂಚು ನೋಡಿದರೆ ಗೊತ್ತಾಗುತ್ತದೆ, ಯಂತ್ರಕ್ಕೆ ಗೊತ್ತಾಗುವುದಿಲ್ಲ.

ಬೆಳ್ಳಿ ಹೋದ ಮೇಲೆ ಸರದಿ ತಾಮ್ರದ್ದು. ಅಮೆರಿಕದ ಒಂದು ಸೆಂಟ್ 3.11 ಗ್ರಾಂ ತೂಗುತ್ತಿತ್ತು, ಶೇಕಡಾ 95 ತಾಮ್ರ. ತಾಮ್ರದ ಬೆಲೆ ಏರಿದಾಗ ಅವರ ಟಂಕಸಾಲೆ 1974ರ ಇಸವಿ ಹಾಕಿ ಹದಿನೈದು ಲಕ್ಷದಷ್ಟು ಅಲ್ಯೂಮಿನಿಯಂ ಸೆಂಟ್‌ಗಳನ್ನು ಹೊಡೆದೇಬಿಟ್ಟಿತು. ಆಕ್ಷೇಪ ಬಂದದ್ದು ಎರಡು ಕಡೆಯಿಂದ. ಮಾರಾಟ ಯಂತ್ರಗಳವರು ನಾಣ್ಯ ಸಿಕ್ಕಿಹಾಕಿಕೊಳ್ಳುತ್ತದೆ ಎಂದರು. ಮಕ್ಕಳ ವೈದ್ಯರ ಆಕ್ಷೇಪ ಇನ್ನೂ ಗಟ್ಟಿಯಾದದ್ದು: ಮಗು ನಾಣ್ಯ ನುಂಗಿದರೆ ಎಕ್ಸ್-ರೇಯಲ್ಲಿ ಕಾಣಬೇಕಲ್ಲ? ಭಾರವಾದ ಪರಮಾಣುಗಳ ತಾಮ್ರ ಎಕ್ಸ್ ಕಿರಣಗಳನ್ನು ತಡೆದು ಚಿತ್ರದಲ್ಲಿ ಎದ್ದು ಕಾಣುತ್ತದೆ. ಹಗುರವಾದ ಅಲ್ಯೂಮಿನಿಯಂ ಮಾಂಸದ ನಡುವೆ ಮಸುಕಾಗಿ ಕಳೆದುಹೋಗುತ್ತದೆ. ಆ ನಾಣ್ಯಗಳು ಚಲಾವಣೆಗೆ ಬರಲಿಲ್ಲ, ಬಹುಪಾಲು ಟಂಕಸಾಲೆಯಲ್ಲೇ ನಾಶವಾದವು. ಕೊನೆಗೆ 1982ರಲ್ಲಿ ಸತುವಿನ ಬಿಲ್ಲೆಗೆ ತೆಳ್ಳನೆಯ ತಾಮ್ರ ಲೇಪಿಸಿದ 2.5 ಗ್ರಾಂ ಸೆಂಟ್ ಬಂತು. ಅದು ಎಕ್ಸ್-ರೇಗೆ ಕಾಣುತ್ತದೆ ನಿಜ, ಆದರೆ ಲೇಪನ ಗೀಚಿಹೋಗಿದ್ದರೆ ಹೊಟ್ಟೆಯ ಆಮ್ಲ ಸತುವನ್ನು ಕೊರೆಯತೊಡಗುತ್ತದೆ. ಅಮೆರಿಕದ ಪಶುವೈದ್ಯರಿಗೆ ಸೆಂಟ್ ನುಂಗಿ ಸತುವಿನ ವಿಷವೇರಿದ ನಾಯಿಗಳು ಹೊಸತಲ್ಲ.

1982ಕ್ಕಿಂತ ಹಿಂದಿನ ಸೆಂಟಿನ ಲೆಕ್ಕ ಬಾಯಲ್ಲೇ ಮಾಡಬಹುದು. ತಾಮ್ರ ಟನ್ನಿಗೆ 10,000 ಡಾಲರ್ ಎಂದರೆ ಗ್ರಾಂಗೆ ಸರಿಯಾಗಿ ಒಂದು ಸೆಂಟ್. ನಾಣ್ಯದಲ್ಲಿ 2.95 ಗ್ರಾಂ ತಾಮ್ರ. ಒಂದು ಸೆಂಟಿನೊಳಗೆ ಮೂರು ಸೆಂಟ್! ಐದು ಸೆಂಟಿನ ನಿಕ್ಕಲ್ ನಾಣ್ಯಕ್ಕೂ ನಮ್ಮ ದಪ್ಪ ನಾಣ್ಯದ್ದೇ ಮಿಶ್ರಲೋಹ, 5 ಗ್ರಾಂ ತೂಕ. ಅದರ ಲೋಹವೂ ಐದು ಸೆಂಟನ್ನು ಆಗಾಗ ದಾಟುತ್ತಿರುತ್ತದೆ. 2006ರ ಡಿಸೆಂಬರಿನಲ್ಲಿ ಅಮೆರಿಕ ಈ ಎರಡೂ ನಾಣ್ಯಗಳನ್ನು ಕರಗಿಸುವುದನ್ನೂ ರಾಶಿಯಾಗಿ ದೇಶದಾಚೆ ಸಾಗಿಸುವುದನ್ನೂ ನಿಷೇಧಿಸಿತು: ಐದು ವರ್ಷದವರೆಗೆ ಜೈಲು, 10,000 ಡಾಲರ್‌ವರೆಗೆ ದಂಡ. ಟೆಕ್ಸಸ್‌ನ ಹೂಡಿಕೆದಾರ ಕೈಲ್ ಬಾಸ್ ಇದಕ್ಕೆಲ್ಲ ಜಗ್ಗದೆ ಎರಡು ಕೋಟಿ ನಿಕ್ಕಲ್ ನಾಣ್ಯಗಳನ್ನು ಮುಖಬೆಲೆಗೇ ಕೊಂಡಿಟ್ಟ. ಹತ್ತು ಲಕ್ಷ ಡಾಲರ್, ನೂರು ಟನ್ ತೂಕ. ಲೋಹದ ಬೆಲೆ ಏರಿದರೆ ಲಾಭ. ನೆಲಕಚ್ಚಿದರೂ ಐದು ಸೆಂಟ್ ಐದು ಸೆಂಟೇ. ನಷ್ಟವೇ ಇಲ್ಲದ ಹೂಡಿಕೆಯಂತೆ ಕಾಣುತ್ತದೆ, ಗೋದಾಮಿನ ಬಾಡಿಗೆಯನ್ನೂ ಹಣದುಬ್ಬರವನ್ನೂ ಮರೆತರೆ.

ಇಲ್ಲೊಂದು ಗೊಂದಲ ಬಿಡಿಸಬೇಕು. ಪತ್ರಿಕೆಗಳು ಲೋಹದ ಬೆಲೆಯನ್ನೂ ತಯಾರಿಕೆಯ ಖರ್ಚನ್ನೂ ಒಂದೇ ಮಾಡಿಬಿಡುತ್ತವೆ. 2024ರಲ್ಲಿ ಅಮೆರಿಕದ ಒಂದು ಸೆಂಟ್ ತಯಾರಿಸಿ ತಲುಪಿಸಲು 3.69 ಸೆಂಟ್ ಖರ್ಚಾಗಿತ್ತು. ಆ ಸತುವಿನ ನಾಣ್ಯದ ಲೋಹಕ್ಕೆ ಮಾತ್ರ ಒಂದು ಸೆಂಟೂ ಸಿಗುವುದಿಲ್ಲ. ನಮ್ಮ ಒಂದು ರೂಪಾಯಿಗೆ 1 ರೂಪಾಯಿ 11 ಪೈಸೆ ಖರ್ಚೆಂದು 2018ರಲ್ಲಿ ಮಾಹಿತಿ ಹಕ್ಕಿನಡಿ ತಿಳಿದುಬಂತು, ಅದೂ ಇಂಥದ್ದೇ. ಖರ್ಚು ಹೆಚ್ಚಾದರೆ ನಷ್ಟ ಖಜಾನೆಗೆ, ನಾಣ್ಯ ಮಾತ್ರ ಸುಖವಾಗಿ ಓಡಾಡುತ್ತದೆ. ಲೋಹ ತುಟ್ಟಿಯಾದರೆ ನಾಣ್ಯವೇ ಓಡಿಹೋಗುತ್ತದೆ. ಅಮೆರಿಕ ತನ್ನ ಸೆಂಟ್ ಅನ್ನು 2025ರ ನವೆಂಬರಿನಲ್ಲಿ ನಿಲ್ಲಿಸಿದ್ದು ಮೊದಲ ಕಾರಣಕ್ಕೆ.

ಸರಿ, ಹಾಗಾದರೆ ಎಂಟು ರೂಪಾಯಿ ತೊಂಬತ್ತು ಪೈಸೆಯ ಐದು ರೂಪಾಯಿಗಳೆಲ್ಲ ಏಕೆ ಕುಲುಮೆ ಸೇರಿಲ್ಲ? ಕಾಗದದ ಲೆಕ್ಕಕ್ಕೂ ಕುಲುಮೆಯ ಲೆಕ್ಕಕ್ಕೂ ದೂರವಿದೆ. ಲಂಡನ್ ಲೋಹಪೇಟೆಯ ಬೆಲೆ ಶೇಕಡಾ 99.8 ಅಥವಾ ಅದಕ್ಕೂ ಮಿಗಿಲಾದ ಶುದ್ಧ ಲೋಹಕ್ಕೆ. ನಾಣ್ಯದೊಳಗಿರುವುದು ಮಿಶ್ರಲೋಹ. ತಾಮ್ರ ಮತ್ತು ನಿಕ್ಕಲ್ ಪರಮಾಣುಗಳ ಗಾತ್ರ ಹೆಚ್ಚುಕಡಿಮೆ ಒಂದೇ, ಹರಳಿನ ಜೋಡಣೆಯೂ ಒಂದೇ. ಹೀಗಾಗಿ ಯಾವ ಪ್ರಮಾಣದಲ್ಲಿ ಬೆರೆಸಿದರೂ ಒಂದರ ಜಾಗದಲ್ಲಿ ಇನ್ನೊಂದು ಕೂತುಬಿಡುತ್ತದೆ. ಕರಗಿಸಿದರೆ ಎರಡೂ ಒಟ್ಟಿಗೇ ನೀರಾಗುತ್ತವೆ, ಆರಿಸಿದರೆ ಒಟ್ಟಿಗೇ ಗಟ್ಟಿ. ಬೇರ್ಪಡಿಸಬೇಕೆಂದರೆ ಆಮ್ಲ, ವಿದ್ಯುದ್ವಿಭಜನೆಗಳ ಕಾರ್ಖಾನೆ ಬೇಕು. ಇಲ್ಲವೇ ಅದೇ ಮಿಶ್ರಲೋಹ ಬೇಕಾದವರಿಗೆ ಕಡಿಮೆ ಬೆಲೆಗೆ ಮಾರಬೇಕು. ಹಿತ್ತಾಳೆ ಬಗೆಯ ನಾಣ್ಯದ ಕಷ್ಟ ಬೇರೆ. ಸತು 907 ಡಿಗ್ರಿಗೆ ಕುದಿಯುತ್ತದೆ, ತಾಮ್ರ ಕರಗುವುದೇ 1,085ಕ್ಕೆ. ಕುಲುಮೆಯಿಂದ ಬಿಳಿ ಹೊಗೆಯಾಗಿ ಸತು ಹಾರಿಹೋಗುತ್ತದೆ, ಆ ಹೊಗೆ ಕುಡಿದ ಎರಕದವನಿಗೆ ರಾತ್ರಿ ಚಳಿಜ್ವರ. ಇದರ ಮೇಲೆ ಸಾವಿರಾರು ನಾಣ್ಯ ಗುಟ್ಟಾಗಿ ಒಟ್ಟುಹಾಕುವ ಖರ್ಚು, ಸಾಗಿಸುವ ಖರ್ಚು, ಕಾನೂನಿನ ಭಯ. ನಾಣ್ಯ ಕರಗಿಸುವುದು 2011ರ ನಾಣ್ಯ ಕಾಯ್ದೆಯಡಿ ಜೈಲಿಗೆ ದಾರಿ. ಆದ್ದರಿಂದ ಮೈಬೆಲೆ ಮುಖಬೆಲೆಯನ್ನು ತುಸು ದಾಟಿದರೆ ಏನೂ ಆಗದು. ಒಂದೂವರೆ ಪಟ್ಟು, ಎರಡು ಪಟ್ಟು ಆದಾಗ ಮಾತ್ರ ಯಾರಿಗೋ ಧೈರ್ಯ ಬರುತ್ತದೆ.

ನಿಕ್ಕಲ್ ಟನ್ನಿಗೆ 50,000 ಡಾಲರ್ ದಾಟಿದ 2007ರ ಮೇ ತಿಂಗಳು ಅದಕ್ಕೆ ಹತ್ತಿರದ್ದು. ಆಗಿನ ಡಾಲರ್ ದರದಲ್ಲಿ ದಪ್ಪ ನಾಣ್ಯದ 2.25 ಗ್ರಾಂ ನಿಕ್ಕಲ್ ಒಂದಕ್ಕೇ ನಾಲ್ಕೂವರೆ ರೂಪಾಯಿ ಬರುತ್ತಿತ್ತು. ತಾಮ್ರ ಸೇರಿಸಿದರೆ ಆರೂವರೆ ದಾಟುತ್ತದೆ. ಅದೇ ವರ್ಷದ ಇಸವಿ ಹೊತ್ತು ಹೊಸ ಐದು ರೂಪಾಯಿ ಬಂತು: 6 ಗ್ರಾಂ, ಬರೀ ಸ್ಟೇನ್‌ಲೆಸ್ ಸ್ಟೀಲ್. ಇದು ಕಾಕತಾಳೀಯವೆಂದು ನನಗೆ ಅನ್ನಿಸುವುದಿಲ್ಲ.

ಅದೇ 2007ರಲ್ಲಿ ಕೋಲ್ಕತ್ತದಿಂದ ಇನ್ನೊಂದು ಸುದ್ದಿ ಬಂದು ಜಗತ್ತೆಲ್ಲ ಹರಡಿತು. ಒಂದು ರೂಪಾಯಿ ನಾಣ್ಯಗಳನ್ನು ಬಾಂಗ್ಲಾದೇಶಕ್ಕೆ ಕದ್ದು ಸಾಗಿಸಿ ಕ್ಷೌರದ ಬ್ಲೇಡು ಮಾಡುತ್ತಾರೆ, ಒಂದು ನಾಣ್ಯಕ್ಕೆ ಐದರಿಂದ ಏಳು ಬ್ಲೇಡು, ಹಾಗಾಗಿ ರೂಪಾಯಿಗೆ 35 ರೂಪಾಯಿ ಎಂಬ ಸುದ್ದಿ. ಪೂರ್ವ ಭಾರತದಲ್ಲಿ ಆಗ ಚಿಲ್ಲರೆಗೆ ಬರವಿದ್ದದ್ದು ನಿಜ. ಬ್ಲೇಡಿನ ಮಾತನ್ನು ಮಾತ್ರ ಲೋಹವಿಜ್ಞಾನ ಅಷ್ಟು ಸಲೀಸಾಗಿ ನುಂಗುವುದಿಲ್ಲ. ತೂಕದ ಲೆಕ್ಕವೇನೋ ಸರಿ, 4.85 ಗ್ರಾಂ ನಾಣ್ಯದಲ್ಲಿ ಅಷ್ಟು ಬ್ಲೇಡಿನ ಉಕ್ಕು ಇದೆ. ಆದರೆ ಯಾವ ಉಕ್ಕು? ನಾಣ್ಯಕ್ಕೆ ಬಳಸುವುದು ಫೆರಿಟಿಕ್ ಸ್ಟೇನ್‌ಲೆಸ್ ಸ್ಟೀಲ್: ಕಬ್ಬಿಣದಲ್ಲಿ ಶೇಕಡಾ 17-18 ಕ್ರೋಮಿಯಂ, ಇಂಗಾಲ ಹೆಸರಿಗಷ್ಟೇ. ಅಚ್ಚಿನಡಿ ಮೆತ್ತಗೆ ಒತ್ತಿಸಿಕೊಳ್ಳಲಿ ಎಂದೇ ಅದನ್ನು ಆರಿಸಿಕೊಂಡದ್ದು. ಬ್ಲೇಡಿಗೆ ಬೇಕಾದದ್ದು ಇದರ ವಿರುದ್ಧ ಸ್ವಭಾವದ ಉಕ್ಕು: ಕ್ರೋಮಿಯಂ ಸುಮಾರು 13, ಇಂಗಾಲ ಶೇಕಡಾ 0.6ಕ್ಕೂ ಮೇಲೆ. ಕೆಂಪಗೆ ಕಾಯಿಸಿ ತಟ್ಟನೆ ತಣಿಸಿದಾಗ ಆ ಇಂಗಾಲ ಹರಳಿನ ಜೋಡಣೆಯೊಳಗೆ ಸಿಕ್ಕಿಬಿದ್ದು ಉಕ್ಕು ಕಲ್ಲಾಗುತ್ತದೆ, ಅಲಗು ನಿಲ್ಲುತ್ತದೆ. ನಾಣ್ಯದ ಉಕ್ಕನ್ನು ಎಷ್ಟು ಸಲ ಕಾಯಿಸಿ ತಣಿಸಿದರೂ ಅದು ಗಟ್ಟಿಯಾಗುವುದಿಲ್ಲ. ಕರಗಿಸಿ ಇಂಗಾಲ ಸೇರಿಸಿ ಮತ್ತೆ ಹಾಳೆ ಎಳೆಯುವ ಉಕ್ಕಿನ ಕಾರ್ಖಾನೆ ಇರುವವನು ರೂಪಾಯಿ ಕದಿಯಲು ಬರುತ್ತಾನೆಯೇ? ಬ್ಲೇಡಿನ ಅಂಗಡಿ ಬೆಲೆಯನ್ನು ನಾಣ್ಯದ ಬೆಲೆ ಎಂದು ಹೇಳುವುದಂತೂ ಮರಳಿನ ಬೆಲೆಯೇ ಮೊಬೈಲಿನ ಬೆಲೆ ಎಂದಂತೆ.

ಸಣ್ಣ ಪೈಸೆಗಳ ವಿಷಯದಲ್ಲಿ ಲೆಕ್ಕ ಇನ್ನೂ ಸರಳ. 1965ರಿಂದ ಬಂದ ಚೌಕಾಕಾರದ ಅಲ್ಯೂಮಿನಿಯಂ ಒಂದು ಪೈಸೆ ಮುಕ್ಕಾಲು ಗ್ರಾಂ ತೂಗುತ್ತಿತ್ತು. ಒಂದು ಕಿಲೋ ಎಂದರೆ 1,333 ಪೈಸೆ, 13 ರೂಪಾಯಿ 33 ಪೈಸೆ. ಒಂದೂವರೆ ಗ್ರಾಂ ಐದು ಪೈಸೆಯ ಗೆರೆ ಕಿಲೋಗೆ 33 ರೂಪಾಯಿ, 2.3 ಗ್ರಾಂ ಹತ್ತು ಪೈಸೆಯದು 43. ಇಂದು ಅಲ್ಯೂಮಿನಿಯಂ ಕಿಲೋಗೆ 200 ದಾಟಿದೆ. ಪಾತ್ರೆ ಅಂಗಡಿಯ ಲೋಹವೇ ಆದ್ದರಿಂದ ಬೇರ್ಪಡಿಸುವ ತಲೆನೋವಿಲ್ಲ, 660 ಡಿಗ್ರಿಗೆ ಕರಗುತ್ತದೆ. 1971ರಲ್ಲೇ ಸಣ್ಣ ನಾಣ್ಯ ಕರಗಿಸುವುದನ್ನೂ ಕೂಡಿಡುವುದನ್ನೂ ತಡೆಯಲು ಪ್ರತ್ಯೇಕ ಕಾಯ್ದೆ ಮಾಡಬೇಕಾಗಿ ಬಂದಿತ್ತು. 2011ರ ಜೂನ್ 30ರಂದು 25 ಪೈಸೆ ಮತ್ತು ಅದಕ್ಕಿಂತ ಸಣ್ಣ ನಾಣ್ಯಗಳನ್ನೆಲ್ಲ ಸರ್ಕಾರ ಹಿಂತೆಗೆದುಕೊಂಡಾಗ ಒಂದು-ಎರಡು ಪೈಸೆಗಳನ್ನು ಕಂಡು ದಶಕಗಳೇ ಕಳೆದಿದ್ದವು.

ಈಗಿನ ಒಂದು ರೂಪಾಯಿ ಈ ದೃಷ್ಟಿಯಿಂದ ಗಟ್ಟಿಗ. 2011ರಲ್ಲಿ ಬಂದದ್ದು 3.79 ಗ್ರಾಂ; ಕಿಲೋಗೆ 264 ರೂಪಾಯಿ. ಸ್ಟೀಲಿನ ಗುಜರಿ ಬೆಲೆ ಅದರ ಹತ್ತಿರಕ್ಕೂ ಬರುವುದಿಲ್ಲ. ಕಣ್ಣಿಡಬೇಕಾದದ್ದು ಹಳದಿ ಐದು ರೂಪಾಯಿಯ ಮೇಲೆ. ಸ್ಟೀಲಿನ ಪ್ರಯೋಗದ ನಂತರ ಬಂದ ಈ ನಿಕ್ಕಲ್-ಹಿತ್ತಾಳೆಯಲ್ಲಿ 75 ಪಾಲು ತಾಮ್ರ, 20 ಸತು, 5 ನಿಕ್ಕಲ್. 6 ಗ್ರಾಂ ತೂಕದ್ದಾದರೆ ಕಿಲೋಗೆ ಮುಖಬೆಲೆ 833 ರೂಪಾಯಿ. ಮೊದಲಲ್ಲಿ ಇಟ್ಟುಕೊಂಡ ದರಗಳಲ್ಲೇ ಲೆಕ್ಕ ಹಾಕಿದರೆ, ಸತು ಟನ್ನಿಗೆ 3,000 ಡಾಲರ್ ಎಂದುಕೊಂಡು, ಲೋಹದ ಬೆಲೆ 779. ನಾಣ್ಯವೊಂದಕ್ಕೆ 4 ರೂಪಾಯಿ 67 ಪೈಸೆ. ತಾಮ್ರ ಇನ್ನು ಶೇಕಡಾ ಎಂಟು-ಒಂಬತ್ತು ಏರಿದರೆ ಸಾಕು, ಗೆರೆ ತಲುಪಿದಂತೆಯೇ.

ಕೆನಡಾದವರು ಇದಕ್ಕೆ ಬೇರೊಂದು ದಾರಿ ಹಿಡಿದಿದ್ದಾರೆ. 1981ರವರೆಗೆ ಅವರ ಐದು ಸೆಂಟ್ ಹೆಚ್ಚುಕಡಿಮೆ ಶುದ್ಧ ನಿಕ್ಕಲ್ಲಿನದು, 4.5 ಗ್ರಾಂ ತೂಕದ್ದು. ನಿಕ್ಕಲ್ ಟನ್ನಿಗೆ 15,000 ಡಾಲರ್ ಇದ್ದರೂ ಒಳಗಿನ ಲೋಹಕ್ಕೆ ಆರೂಮುಕ್ಕಾಲು ಅಮೆರಿಕನ್ ಸೆಂಟ್ ಆಗುತ್ತದೆ. ಜನ ಕರಗಿಸಿದರೆ ಅಪರಾಧ. ಆದರೆ 2004ರಿಂದ ಕೆನಡಾದ ಟಂಕಸಾಲೆಯೇ ಬ್ಯಾಂಕುಗಳಿಗೆ ಬರುವ ಚಿಲ್ಲರೆಯಿಂದ ಹಳೆಯ ನಿಕ್ಕಲ್, ತಾಮ್ರ-ನಿಕ್ಕಲ್ ನಾಣ್ಯಗಳನ್ನು ಆರಿಸಿ ತೆಗೆದು, ಅವುಗಳ ಬದಲಿಗೆ ಉಕ್ಕಿನ ಮೇಲೆ ತೆಳು ಲೇಪನದ ಹೊಸವನ್ನು ಬಿಟ್ಟು, ಹಳೆಯದರ ಲೋಹವನ್ನು ಮಾರುತ್ತಿದೆ. ಉಕ್ಕಿನ ನಾಣ್ಯಕ್ಕೆ ಖರ್ಚಾಗುವುದನ್ನು ಕಳೆದರೂ ಕೈಯಲ್ಲಿ ಲಾಭ ಉಳಿಯುತ್ತದೆ.